ಪ್ರೊಸೆಸರ್‌ನಲ್ಲಿ ಎವಿಎಕ್ಸ್ ಇಲ್ಲ, ವಿಎಂ ಒಳಗೆ ಓಡಿಸಿದರೆ ಬರುತ್ತದಾ?

ಹಳೇಪೆಟ್ಟಿಗೆ
ನನ್ನದು 2010ರ ಲ್ಯಾಪ್‌ಟಾಪ್. ಮೊದಲ ತಲೆಮಾರಿನ ಕೋರ್ ಐ5, ವೆಸ್ಟ್‌ಮಿಯರ್ ಚಿಪ್. ಲಿನಕ್ಸ್ ಹಾಕಿಕೊಂಡು ಇವತ್ತಿಗೂ ಆರಾಮಾಗಿ ಓಡಿಸುತ್ತಿದ್ದೇನೆ. ಎಸ್‌ಎಸ್‌ಡಿ ಹಾಕಿದ ಮೇಲಂತೂ ದೂರು ಅಂತ ಏನೂ ಇರಲಿಲ್ಲ.

ಮೊನ್ನೆ ಫೋಟೋಗಳಲ್ಲಿ ಮುಖ ಗುರುತಿಸಿ ವಿಂಗಡಿಸುವ ಒಂದು ಪ್ರೋಗ್ರಾಂ ಇಳಿಸಿಕೊಂಡೆ. ಶುರು ಮಾಡಿದರೆ ಕಿಟಕಿಯೇ ತೆರೆಯುವುದಿಲ್ಲ. ಟರ್ಮಿನಲ್‌ನಲ್ಲಿ ಒಂದೇ ಸಾಲು ಬರುತ್ತದೆ: "ಇಲ್ಲೀಗಲ್ ಇನ್‌ಸ್ಟ್ರಕ್ಷನ್, ಕೋರ್ ಡಂಪ್ಡ್". ನಾನು ಯಾವ ಕಾನೂನು ಮುರಿದೆನೋ ಗೊತ್ತಿಲ್ಲ. ಹುಡುಕಿ ನೋಡಿದರೆ ಅದಕ್ಕೆ ಎವಿಎಕ್ಸ್ ಬೇಕಂತೆ, ಅಂದರೆ ಹಲವು ಸಂಖ್ಯೆಗಳ ಲೆಕ್ಕವನ್ನು ಒಟ್ಟಿಗೆ ಮಾಡುವ ಇನ್‌ಸ್ಟ್ರಕ್ಷನ್‌ಗಳ (ಚಿಪ್‌ಗೆ ಕೊಡುವ ಆದೇಶಗಳ) ಒಂದು ಗುಂಪು. ನನ್ನ ಚಿಪ್‌ನಲ್ಲಿ ಅದಿಲ್ಲ.

ವರ್ಚುವಲ್ ಮಷೀನ್ (ವಿಎಂ), ಅಂದರೆ ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್, ಮಾಡುವಾಗ ಸಿಪಿಯು ಮಾದರಿಯ ಪಟ್ಟಿ ಬರುತ್ತದಲ್ವಾ, ಹ್ಯಾಸ್‌ವೆಲ್, ಸ್ಕೈಲೇಕ್ ಅಂತೆಲ್ಲ ನನ್ನದಕ್ಕಿಂತ ಹೊಸ ಇಂಟೆಲ್ ಚಿಪ್‌ಗಳ ಹೆಸರು? ಅಲ್ಲಿ ಹ್ಯಾಸ್‌ವೆಲ್ ಆರಿಸಿದರೆ ಒಳಗಿನ ಮಷೀನ್‌ಗೆ ಎವಿಎಕ್ಸ್ ಸಿಗುತ್ತದಾ? ಯಾರಾದರೂ ಮಾಡಿ ನೋಡಿದ್ದೀರಾ?

ಒಂದೇಸಾಲು
ಸಿಗಲ್ಲ. ಬಾವಿಯಲ್ಲಿ ಇಲ್ಲದ್ದು ಬಿಂದಿಗೆಗೆ ಎಲ್ಲಿಂದ ಬರಬೇಕು?

ವೇಗದೂತ
ಸುಮ್ನೆ ಹೆದರಿಸಬೇಡಿ. ಸಿಗುತ್ತದೆ. ನಾನು ಕೆವಿಎಂನಲ್ಲಿ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ) ಹ್ಯಾಸ್‌ವೆಲ್ ಆರಿಸಿ ಎರಡು ವರ್ಷದಿಂದ ಓಡಿಸುತ್ತಿದ್ದೇನೆ. ಒಳಗೆ ಸಿಪಿಯುಇನ್ಫೋ (ಚಿಪ್‌ನ ವಿವರ ಇರುವ ಕಡತ) ನೋಡಿದರೆ ಎವಿಎಕ್ಸ್, ಎವಿಎಕ್ಸ್2 ಎರಡೂ ಕಾಣುತ್ತವೆ.

ರಿಜಿಸ್ಟರ್‌ರಂಗ
ವೇಗದೂತ ಅವರೇ, ನಿಮ್ಮ ಹೋಸ್ಟ್, ಅಂದರೆ ವಿಎಂ ಓಡಿಸುವ ನಿಜವಾದ ಮಷೀನ್, ಯಾವ ಪ್ರೊಸೆಸರ್?

ವೇಗದೂತ
ಆರನೇ ತಲೆಮಾರಿನ ಐ7.

ಒಂದೇಸಾಲು
😀

ರಿಜಿಸ್ಟರ್‌ರಂಗ
ಅದೇ ವಿಷಯ. ಎವಿಎಕ್ಸ್ ಬಂದಿದ್ದು 2011ರ ಸ್ಯಾಂಡಿ ಬ್ರಿಡ್ಜ್‌ನಲ್ಲಿ, ಎವಿಎಕ್ಸ್2 ಬಂದಿದ್ದು 2013ರ ಹ್ಯಾಸ್‌ವೆಲ್‌ನಲ್ಲಿ. ನಿಮ್ಮ ಚಿಪ್‌ನಲ್ಲಿ ಎರಡೂ ಮೊದಲೇ ಇವೆ. ಕೆವಿಎಂ ಇದ್ದದ್ದನ್ನು ಒಳಗೆ ಬಿಟ್ಟಿತು, ಅಷ್ಟೆ.

ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಕೆವಿಎಂ, ವರ್ಚುವಲ್‌ಬಾಕ್ಸ್, ವಿಎಂವೇರ್ ಎಲ್ಲ ಮಾಡುವುದು ವರ್ಚುವಲೈಸೇಷನ್. ಗೆಸ್ಟ್‌ನ (ಒಳಗಿನ ಮಷೀನ್‌ನ) ಇನ್‌ಸ್ಟ್ರಕ್ಷನ್ ನೇರವಾಗಿ ನಿಮ್ಮ ಸಿಲಿಕಾನ್ ಮೇಲೇ ಓಡುತ್ತದೆ. ನಡುವೆ ಯಾರೂ ಇಲ್ಲ. ಅದಕ್ಕೇ ಅಷ್ಟು ವೇಗ. ಹಾಗಾಗಿ ಚಿಪ್‌ಗೆ ಅರ್ಥವಾಗದ ಇನ್‌ಸ್ಟ್ರಕ್ಷನ್ ವಿಎಂ ಒಳಗೂ ಅರ್ಥವಾಗುವುದಿಲ್ಲ. ಹಳೇಪೆಟ್ಟಿಗೆ ಅವರು ಕೆವಿಎಂನಲ್ಲಿ ಹ್ಯಾಸ್‌ವೆಲ್ ಆರಿಸಿದರೆ "ಹೋಸ್ಟ್‌ನಲ್ಲಿ ಈ ಫೀಚರ್ ಇಲ್ಲ" ಅಂತ ಒಂದು ಎಚ್ಚರಿಕೆ ಬರುತ್ತದೆ, ಆಮೇಲೆ ಆ ಫ್ಲ್ಯಾಗನ್ನು (ಫೀಚರ್ ಇದೆ ಅನ್ನುವ ಗುರುತನ್ನು) ತೆಗೆದೇ ಮಷೀನ್ ಶುರುವಾಗುತ್ತದೆ. ಎಚ್ಚರಿಕೆ ಲಾಗ್‌ನಲ್ಲಿ ಹೂತುಹೋಗುವುದರಿಂದ ಎಷ್ಟೋ ಜನ ನೋಡಿರುವುದೇ ಇಲ್ಲ.

ಎಮ್ಯುಲೇಷನ್ ಬೇರೆ. ಕ್ಯೂಎಮು ಅನ್ನುವ ಎಮ್ಯುಲೇಟರ್‌ನ ಅನುವಾದದ ಭಾಗ ಟಿಸಿಜಿ, ಅದು ಗೆಸ್ಟ್‌ನ ಕೋಡನ್ನು ತುಂಡು ತುಂಡಾಗಿ ಓದಿ, ನಿಮ್ಮ ಚಿಪ್‌ಗೆ ಗೊತ್ತಿರುವ ಇನ್‌ಸ್ಟ್ರಕ್ಷನ್‌ಗಳಲ್ಲಿ ಮತ್ತೆ ಬರೆದು ಓಡಿಸುತ್ತದೆ. ನಡುವೆ ಒಬ್ಬ ದುಭಾಷಿ ಕೂತ ಹಾಗೆ. ಅವನಿಗೆ ಎವಿಎಕ್ಸ್ ಗೊತ್ತಿದ್ದರೆ ಸಾಕು, ಚಿಪ್‌ಗೆ ಗೊತ್ತಿರಬೇಕಾಗಿಲ್ಲ. ಪಕ್ಕಾ ಆಗುತ್ತದೆ, ಆದರೆ ನಿಧಾನ.

ವೇಗದೂತ
ಓ ಸರಿ. ತಪ್ಪಾಯಿತು. ನಾನು ಆ ಪಟ್ಟಿ ನೋಡಿ ಅದೇ ಎಮ್ಯುಲೇಷನ್ ಅಂದುಕೊಂಡಿದ್ದೆ.

ಕರ್ನಲ್‌ಕಾಕ
ರಂಗ ಹೇಳಿದ್ದು ಮುಕ್ಕಾಲು ಪಾಲು ಸರಿ. "ನಡುವೆ ಯಾರೂ ಇಲ್ಲ" ಅನ್ನುವುದಕ್ಕೆ ಅಪವಾದ ಇದೆ. ಮೂವ್‌ಬಿಇ ಅಂತ ಒಂದು ಇನ್‌ಸ್ಟ್ರಕ್ಷನ್ ಇದೆ, ಬೈಟ್‌ಗಳ ಕ್ರಮ ತಿರುಗಿಸಿ ಓದುವುದು ಬರೆಯುವುದು ಅದರ ಕೆಲಸ. ಹೋಸ್ಟ್‌ನಲ್ಲಿ ಅದು ಇಲ್ಲದಿದ್ದರೆ ಗೆಸ್ಟ್ ಕೊಟ್ಟಾಗ ಟ್ರ್ಯಾಪ್ ಆಗುತ್ತದೆ (ಚಿಪ್ ಅಲ್ಲೇ ನಿಂತು ಕೆವಿಎಂ ಅನ್ನು ಕರೆಯುತ್ತದೆ), ಆಗ ಕೆವಿಎಂ ತಾನೇ ಆ ಕೆಲಸ ಮಾಡಿಕೊಡಬಲ್ಲದು. ಹಾಗೆ ಕೈಯಿಂದ ಮಾಡಿಕೊಡಬಲ್ಲವುಗಳನ್ನು ತೋರಿಸಲು ಬೇರೆಯದೇ ಒಂದು ಪಟ್ಟಿ ಕೂಡ ಇಟ್ಟಿದ್ದಾರೆ.

ರಿಜಿಸ್ಟರ್‌ರಂಗ
ಒಪ್ಪಿದೆ. ಆದರೆ ಆ ಪಟ್ಟಿಯಲ್ಲಿ ಎವಿಎಕ್ಸ್ ಇಲ್ಲ ಅಲ್ವಾ?

ಕರ್ನಲ್‌ಕಾಕ
ಇಲ್ಲ. ಒಂದೊಂದು ಇನ್‌ಸ್ಟ್ರಕ್ಷನ್‌ಗೂ ಟ್ರ್ಯಾಪ್ ಆಗಿ ಹೊರಗೆ ಬಂದು ಒಳಗೆ ಹೋದರೆ ಟಿಸಿಜಿಗಿಂತ ಕಡೆ ಆಗುತ್ತದೆ. ಅಪರೂಪಕ್ಕೆ ಬರುವ ಇನ್‌ಸ್ಟ್ರಕ್ಷನ್‌ಗೆ ಮಾತ್ರ ಆ ದಾರಿ.

ಮಧ್ಯರಾತ್ರಿ
ಇದೇನು ಹೊಸದಲ್ಲ. 386ರಲ್ಲಿ ಗಣಿತದ ಚಿಪ್ ಬೇರೆ ಕೊಳ್ಳಬೇಕಿತ್ತು. 1991ರ 486ಎಸ್‌ಎಕ್ಸ್‌ನಲ್ಲೂ ಎಫ್‌ಪಿಯು (ದಶಮಾಂಶದ ಲೆಕ್ಕ ಮಾಡುವ ಭಾಗ) ಕೆಲಸ ಮಾಡುತ್ತಿರಲಿಲ್ಲ. ದಶಮಾಂಶದ ಲೆಕ್ಕ ಬಂದ ಕೂಡಲೇ ಪ್ರೊಸೆಸರ್ "ಆ ಸಾಧನ ಇಲ್ಲ" ಅಂತ ಕೈ ಎತ್ತುತ್ತಿತ್ತು, ಲಿನಕ್ಸ್ ಕರ್ನಲ್ ಒಳಗಿದ್ದ ಎಮ್ಯುಲೇಟರ್ ಆ ಲೆಕ್ಕ ಮಾಡಿ ಉತ್ತರ ರಿಜಿಸ್ಟರ್‌ನಲ್ಲಿ ಇಟ್ಟು ಪ್ರೋಗ್ರಾಂ ಮುಂದುವರಿಸುತ್ತಿತ್ತು. ಪ್ರೋಗ್ರಾಂಗೆ ಗೊತ್ತೇ ಆಗುತ್ತಿರಲಿಲ್ಲ. ನಿಮಗೆ ಮಾತ್ರ ಗಡಿಯಾರ ನೋಡಿದರೆ ಗೊತ್ತಾಗುತ್ತಿತ್ತು.

ಹಳೇಪೆಟ್ಟಿಗೆ
ತುಂಬಾ ಉಪಕಾರ. ಹಾಗಾದರೆ ಟಿಸಿಜಿನೇ ಗತಿ. ಒಂದು ಫೋಟೋಗೆ ಒಂದು ನಿಮಿಷ ಆದರೂ ನನಗೆ ತೊಂದರೆ ಇಲ್ಲ, ರಾತ್ರಿ ಹಚ್ಚಿ ಮಲಗುತ್ತೇನೆ. ಪೂರ್ತಿ ಲಿನಕ್ಸ್ ವಿಎಂ ಒಳಗೆ ಹಾಕಬೇಕಾ?

ಬಿಟ್‌ಬುದ್ಧಿ
ಬೇಡವೇ ಬೇಡ. ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಪೂರ್ತಿ ಮಷೀನ್ ಹಾಕಿದರೆ ಒಳಗಿನ ಕರ್ನಲ್, ಡಿಸ್ಕ್, ಡೆಸ್ಕ್‌ಟಾಪ್ ಎಲ್ಲವೂ ದುಭಾಷಿ ಮೂಲಕವೇ ಹೋಗಬೇಕು. ಕ್ಯೂಎಮುವಿನಲ್ಲಿ ಯೂಸರ್ ಮೋಡ್ ಅಂತ ಇದೆ. ಒಂದೇ ಒಂದು ಪ್ರೋಗ್ರಾಂ ಎಮ್ಯುಲೇಟ್ ಆಗುತ್ತದೆ. ಅದು ಕಡತ ತೆರೆ, ಮೆಮೊರಿ ಕೊಡು ಅಂತ ಕೇಳಿದಾಗಲೆಲ್ಲ ನಿಮ್ಮ ನಿಜವಾದ ಕರ್ನಲ್ಲೇ ಉತ್ತರ ಕೊಡುತ್ತದೆ. ಸಿಪಿಯು ಆಯ್ಕೆಯಲ್ಲಿ "ಮ್ಯಾಕ್ಸ್" ಅಂತ ಕೊಟ್ಟರೆ ಅದಕ್ಕೆ ಗೊತ್ತಿರುವ ಎಲ್ಲ ಇನ್‌ಸ್ಟ್ರಕ್ಷನ್‌ಗಳೂ ತೆರೆದುಕೊಳ್ಳುತ್ತವೆ.

ಇಂಟೆಲ್‌ನದೇ ಎಸ್‌ಡಿಇ ಅಂತ ಇನ್ನೊಂದಿದೆ. ಚಿಪ್‌ಗೆ ಗೊತ್ತಿರುವುದನ್ನು ಚಿಪ್‌ಗೇ ಬಿಟ್ಟು, ಗೊತ್ತಿಲ್ಲದ್ದನ್ನು ಮಾತ್ರ ತಾನು ಮಾಡುತ್ತದೆ. ಎವಿಎಕ್ಸ್-512 (ಎವಿಎಕ್ಸ್‌ನ ಇನ್ನೂ ದೊಡ್ಡ ರೂಪ) ಬೇಕಿದ್ದರೆ ಅದೇ ಸರಿ, ಟಿಸಿಜಿಗೆ 512 ಬರುವುದಿಲ್ಲ.

ಪೋಲಿಪಾಯಿಂಟರ್
ಇಷ್ಟೆಲ್ಲ ಯಾಕೆ? ಚಿಪ್‌ನಲ್ಲಿ ಏನೇನಿದೆ ಅಂತ ಪ್ರೋಗ್ರಾಂ ಕೇಳುವ ಸಿಪಿಯುಐಡಿ ಇದೆಯಲ್ಲ, ಅದರ ಉತ್ತರವನ್ನೇ ಬದಲಾಯಿಸಿ "ಎವಿಎಕ್ಸ್ ಇದೆ" ಅಂತ ಸುಳ್ಳು ಹೇಳಿಸಿದರೆ ಆಯಿತು.

ಕರ್ನಲ್‌ಕಾಕ
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಸರಿಯಾಗಿ ಬರೆದ ಪ್ರೋಗ್ರಾಂ ಮೊದಲು ಸಿಪಿಯುಐಡಿ ಕೇಳುತ್ತದೆ. ಎವಿಎಕ್ಸ್ ಇಲ್ಲ ಅಂದರೆ ಅದಕ್ಕಿಂತ ಹಳೆಯ ಎಸ್‌ಎಸ್‌ಇ ಇನ್‌ಸ್ಟ್ರಕ್ಷನ್‌ಗಳ ದಾರಿ ಹಿಡಿಯುತ್ತದೆ. ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಹಾಗೇ ಮಾಡುತ್ತದೆ, ಅದಕ್ಕೇ ಅದು ಹಳೇ ಮಷೀನ್‌ಗಳಲ್ಲೂ ಓಡುತ್ತದೆ. ನೀವು ಸುಳ್ಳು ಹೇಳಿಸಿದರೆ ಇವತ್ತಿನವರೆಗೆ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಂಗಳೂ ನಂಬಿ ಬಾವಿಗೆ ಬೀಳುತ್ತವೆ.

ಉಲ್ಟಾ ಸುಳ್ಳು ಮಾತ್ರ ಉಪಯೋಗಕ್ಕೆ ಬರುತ್ತದೆ. ಇರುವುದನ್ನು ಇಲ್ಲ ಅನ್ನುವುದು. ಹಳೆಯ ಹೊಸ ಸರ್ವರ್‌ಗಳು ಬೆರೆತಿರುವ ಕಡೆ, ಓಡುತ್ತಿರುವ ವಿಎಂ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎಲ್ಲ ಕಡೆಯೂ ಅತಿ ಹಳೆಯದರ ಫ್ಲ್ಯಾಗ್ ಮಾತ್ರ ತೋರಿಸುತ್ತಾರೆ. ಇಲ್ಲದಿದ್ದರೆ ನಡುದಾರಿಯಲ್ಲಿ ಎವಿಎಕ್ಸ್ ಮಾಯವಾಗಿ ಪ್ರೋಗ್ರಾಂ ಸಾಯುತ್ತದೆ.

ಪೋಲಿಪಾಯಿಂಟರ್
ಸರಿ ಸರಿ, ಬೈಬೇಡಿ.

ಹಳೇಪೆಟ್ಟಿಗೆ
ಮಾಡಿ ನೋಡಿದೆ. ಯೂಸರ್ ಮೋಡ್, ಸಿಪಿಯು ಮ್ಯಾಕ್ಸ್. ಮತ್ತೆ ಅದೇ ಇಲ್ಲೀಗಲ್ ಇನ್‌ಸ್ಟ್ರಕ್ಷನ್! ದುಭಾಷಿಗೂ ಅರ್ಥವಾಗಲಿಲ್ಲವಾ?

ಬಿಟ್‌ಬುದ್ಧಿ
ಯಾವ ಆವೃತ್ತಿ?

ಹಳೇಪೆಟ್ಟಿಗೆ
6.2. ಉಬುಂಟು 22.04ರ ಜೊತೆ ಬಂದದ್ದು.

ಬಿಟ್‌ಬುದ್ಧಿ
ಅದೇ ತೊಂದರೆ. ಟಿಸಿಜಿಗೆ ಎವಿಎಕ್ಸ್, ಎವಿಎಕ್ಸ್2 ಬಂದಿದ್ದು 7.2ರಲ್ಲಿ, 2022ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚಿನ ದುಭಾಷಿಗೆ ಆ ಭಾಷೆ ಬರುತ್ತಿರಲಿಲ್ಲ. ಡೆಬಿಯನ್ 12ರಲ್ಲಿ 7.2 ಇದೆ. ಇಲ್ಲವೇ ಹೊಸ ಆವೃತ್ತಿಯನ್ನು ಮೂಲ ಕೋಡ್‌ನಿಂದ ನೀವೇ ಕಂಪೈಲ್ ಮಾಡಿಕೊಳ್ಳಿ (ಕಟ್ಟಿಕೊಳ್ಳಿ), ಯೂಸರ್ ಮೋಡ್ ಒಂದನ್ನೇ ಆರಿಸಿದರೆ ಬೇಗ ಮುಗಿಯುತ್ತದೆ.

ಸುಮ್ನೆಓದುಗ
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಕೋರ್ 2 ಡ್ಯುಯೋ. ವಿಂಡೋಸ್ 11ರ 24ಎಚ್2 ಆವೃತ್ತಿ ಪಾಪ್‌ಕೌಂಟ್ (1 ಆಗಿರುವ ಬಿಟ್‌ಗಳನ್ನು ಎಣಿಸುವ ಇನ್‌ಸ್ಟ್ರಕ್ಷನ್) ಇಲ್ಲದೆ ಬೂಟ್ ಆಗುವುದಿಲ್ಲ ಅಂತಾರೆ. ಅದನ್ನೂ ಹೀಗೆ ಎಮ್ಯುಲೇಟ್ ಮಾಡಬಹುದಾ?

ಒಂದೇಸಾಲು
ಮಾಡಬಹುದು. ಮೌಸ್ ಒತ್ತಿ ನಿದ್ದೆ ಮಾಡಿ ಎದ್ದು ಬಂದು ನೋಡಿ.

ಮಧ್ಯರಾತ್ರಿ
ತಮಾಷೆ ಬಿಡಿ. ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ4.2 ಇಂಟೆಲ್‌ನಲ್ಲಿ ಬಂದಿದ್ದು 2008ರ ನೆಹಾಲೆಮ್ ಜೊತೆ. ಕೋರ್ 2ನಲ್ಲಿ ಎರಡೂ ಇಲ್ಲ. ಟಿಸಿಜಿಗೆ ಎರಡೂ ಬರುತ್ತವೆ, ಹಾಗಾಗಿ ಅದು ಅಡ್ಡಿಯಲ್ಲ. ಆದರೆ ಇಡೀ ವಿಂಡೋಸ್ ಅನ್ನು ಎರಡು ಕೋರ್‌ನ ಮುದುಕನ ಮೇಲೆ ಅನುವಾದ ಮಾಡಿಸುವುದು ಕೆಲಸಕ್ಕಲ್ಲ, ಹಟಕ್ಕೆ. ಕೋರ್ 2ಕ್ಕೆ ಹಗುರವಾದ ಲಿನಕ್ಸ್ ಹಾಕಿ, ಅದಕ್ಕೂ ನಿಮಗೂ ನೆಮ್ಮದಿ.

ರಿಜಿಸ್ಟರ್‌ರಂಗ
ಹಟ ಅಂದರೆ ನೆನಪಾಯಿತು. 2012ರಲ್ಲಿ ಡಿಮಿಟ್ರಿ ಗ್ರಿನ್‌ಬರ್ಗ್ ಅನ್ನುವವರು 8 ಬಿಟ್‌ನ ಎವಿಆರ್ ಮೈಕ್ರೋಕಂಟ್ರೋಲರ್ ಮೇಲೆ ಲಿನಕ್ಸ್ ಬೂಟ್ ಮಾಡಿಸಿದರು. ಅದರಲ್ಲಿ ಎಂಎಂಯು (ಮೆಮೊರಿ ವಿಳಾಸ ನೋಡಿಕೊಳ್ಳುವ ಭಾಗ) ಇಲ್ಲ, ಒಳಗೆ ಇರುವುದು 16 ಕಿಲೋಬೈಟ್ ರ‍್ಯಾಮ್. ಅದರೊಳಗೆ ಎಆರ್‌ಎಂ ಚಿಪ್‌ನ ಒಂದು ಎಮ್ಯುಲೇಟರ್ ಬರೆದು, ಹೊರಗಿನಿಂದ ಹಳೇ ಕಂಪ್ಯೂಟರ್‌ನ ಮೆಮೊರಿ ಸ್ಟಿಕ್ ಸಿಕ್ಕಿಸಿದರು. ಪ್ರಾಂಪ್ಟ್ ಬರಲು ಸುಮಾರು 2 ಗಂಟೆ. 2024ರಲ್ಲಿ ಅವರೇ ಇಂಟೆಲ್ 4004 ಮೇಲೂ ಮಾಡಿದರು, 1971ರ 4 ಬಿಟ್ ಚಿಪ್. ಅದು ಬೂಟ್ ಆಗಲು 4.76 ದಿನ.

ಅಂದರೆ ಯಾವ ಚಿಪ್ ಬೇಕಾದರೂ ಯಾವ ಚಿಪ್‌ನ ವೇಷ ಬೇಕಾದರೂ ಹಾಕಬಲ್ಲದು. ಕಾಯುವ ತಾಳ್ಮೆ ನಿಮಗಿರಬೇಕು.

ವೇಗದೂತ
4.76 ದಿನ! ನನ್ನದು 40 ಸೆಕೆಂಡ್ ತಗೊಂಡರೆ ನಾನು ರೇಗಾಡುತ್ತೇನೆ.

ಮಧ್ಯರಾತ್ರಿ
ಚಿಪ್ ತೀರಾ ವೇಗ ಇದ್ದರೂ ತೊಂದರೆಯೇ ಸ್ವಾಮಿ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಡಾಸ್ ಪ್ರೋಗ್ರಾಂಗಳ "ರನ್‌ಟೈಮ್ ಎರರ್ 200" ಯಾರಿಗಾದರೂ ನೆನಪಿದೆಯಾ? ಶುರುವಾಗುವಾಗ ಅದು ಗಡಿಯಾರದ ಒಂದು ಟಿಕ್‌ನಲ್ಲಿ, ಅಂದರೆ 55 ಮಿಲಿಸೆಕೆಂಡ್‌ನಲ್ಲಿ, ಲೂಪ್ ಎಷ್ಟು ಸಲ ಸುತ್ತಿತು ಅಂತ ಎಣಿಸಿ 55ರಿಂದ ಭಾಗಿಸುತ್ತಿತ್ತು. ಪೆಂಟಿಯಂ 2 ಕಾಲಕ್ಕೆ ಆ ಉತ್ತರ 16 ಬಿಟ್‌ನಲ್ಲಿ ಹಿಡಿಸದೆ, ಸೊನ್ನೆಯಿಂದ ಭಾಗಿಸಿದ ತಪ್ಪು ಅಂತ ಹೇಳಿ ಸಾಯುತ್ತಿತ್ತು. ಎಲ್ಲೂ ಸೊನ್ನೆ ಇಲ್ಲ! ಡಾಸ್‌ಬಾಕ್ಸ್ ಎಮ್ಯುಲೇಟರ್‌ನಲ್ಲಿ ಸೈಕಲ್ (ಚಿಪ್‌ನ ವೇಗ) ಕಡಿಮೆ ಮಾಡಿದರೆ ಈಗಲೂ ಚೆನ್ನಾಗಿ ಓಡುತ್ತದೆ. ಅಲ್ಲಿ ನಿಧಾನವೇ ಮದ್ದು.

ಪೋಲಿಪಾಯಿಂಟರ್
ನನ್ನ ಕೋಡ್ ಯಾವ ಚಿಪ್‌ನಲ್ಲಿ ಹಾಕಿದರೂ ಸಾಯುತ್ತದೆ. ಅದಕ್ಕೊಂದು ಎಮ್ಯುಲೇಟರ್ ಹೇಳಿ.

ಹಳೇಪೆಟ್ಟಿಗೆ
ಹೊಸ ಕ್ಯೂಎಮು ಕಂಪೈಲ್ ಮಾಡಿದೆ. ಓಡಿತು! ಕಿಟಕಿ ತೆರೆಯಿತು. ಖುಷಿಗೆ ಎದ್ದು ಓಡಾಡಿದೆ.

ಆಮೇಲೆ 10 ಫೋಟೋ ಕೊಟ್ಟೆ. ಒಂದಕ್ಕೆ ಮೂರು ನಿಮಿಷದ ಮೇಲೆ. ಫ್ಯಾನ್ ಹೆಲಿಕಾಪ್ಟರ್ ಥರ ಕೂಗುತ್ತಿದೆ. ನನ್ನ ಹತ್ತಿರ ಇರುವುದು ಹನ್ನೊಂದು ಸಾವಿರ ಫೋಟೋ. ಲೆಕ್ಕ ಹಾಕಿದರೆ ಮೂರು ವಾರಕ್ಕೂ ಜಾಸ್ತಿ, ಹಗಲೂ ರಾತ್ರಿ. ಇಷ್ಟು ನಿಧಾನ ಯಾಕೆ? ಉಳಿದ ಪ್ರೋಗ್ರಾಂ ಹಾಕಿ ನೋಡಿದರೆ ಇಷ್ಟು ಕೆಟ್ಟದಾಗಿ ಇಲ್ಲ.

ರಿಜಿಸ್ಟರ್‌ರಂಗ
ಎಮ್ಯುಲೇಟರ್‌ಗೆ ಅತಿ ಕಷ್ಟದ ಕೆಲಸವನ್ನೇ ನೀವು ಕೊಟ್ಟಿದ್ದೀರಿ. ಎವಿಎಕ್ಸ್ ಇರುವುದೇ 8 ದಶಮಾಂಶ ಸಂಖ್ಯೆಗಳನ್ನು ಒಂದೇ ಏಟಿಗೆ ಕೂಡಿಸಲು, ಗುಣಿಸಲು. ಟಿಸಿಜಿ ಅದನ್ನು ಒಂದು ಫಂಕ್ಷನ್ ಕರೆದು, ಒಳಗೆ ಒಂದೊಂದೇ ಸಂಖ್ಯೆ ತೆಗೆದು ಲೆಕ್ಕ ಮಾಡುತ್ತದೆ. ದಶಮಾಂಶದ ಲೆಕ್ಕವನ್ನೂ ಎಷ್ಟೋ ಕಡೆ ಸಾಫ್ಟ್‌ವೇರ್‌ನಲ್ಲೇ ಮಾಡುತ್ತದೆ, ಉತ್ತರ ಕೊನೆಯ ಬಿಟ್‌ವರೆಗೂ ಸರಿ ಇರಬೇಕಲ್ಲ. ವೇಗಕ್ಕೆ ಅಂತ ಇಟ್ಟ ಇನ್‌ಸ್ಟ್ರಕ್ಷನ್ನೇ ಇಲ್ಲಿ ಎಲ್ಲಕ್ಕಿಂತ ನಿಧಾನ.

ನೂರಾಒಂದು
ನಿಮಗೆ ಬೇಕಿರುವುದು ಎವಿಎಕ್ಸ್ ಅಲ್ಲ. ಎವಿಎಕ್ಸ್ ಕೇಳದ ಪ್ರೋಗ್ರಾಂ. ಎವಿಎಕ್ಸ್ ಇಲ್ಲದೆ ಮಾಡಲಾಗದ ಲೆಕ್ಕ ಅಂತ ಯಾವುದೂ ಇಲ್ಲ, ಕಂಪೈಲ್ ಮಾಡಿದವರು ಆ ಸ್ವಿಚ್ ಹಾಕಿದ್ದಾರೆ ಅಷ್ಟೆ. ಇಂಥ ಕೆಲಸಕ್ಕೆ ಬಳಸುವ ಟೆನ್ಸರ್‌ಫ್ಲೋ ಲೈಬ್ರರಿಯಲ್ಲಿ 1.6ರಿಂದಲೇ ರೆಡಿಮೇಡ್ ಬೈನರಿಗಳಿಗೆ ಎವಿಎಕ್ಸ್ ಬೇಕು, ಆದರೆ ಮೂಲ ಕೋಡ್‌ನಿಂದ ಕಟ್ಟಿದರೆ ಬೇಡ. ನಿಮ್ಮ ಪ್ರೋಗ್ರಾಂನಲ್ಲಿ ಯಾವ ಲೈಬ್ರರಿ ಸಾಯುತ್ತಿದೆ ನೋಡಿ. ಡೀಬಗರ್‌ನಲ್ಲಿ ಓಡಿಸಿ, ಸತ್ತ ಜಾಗದ ಇನ್‌ಸ್ಟ್ರಕ್ಷನ್ ಕೇಳಿ. "ವಿ" ಅಕ್ಷರದಿಂದ ಶುರುವಾದರೆ ಎವಿಎಕ್ಸ್.

ಹಳೇಪೆಟ್ಟಿಗೆ
ನೋಡಿದೆ. "ವಿಜೀರೋಅಪ್ಪರ್". ಬೈಟ್‌ಗಳು ಸಿ5 ಎಫ್8 77. ಮುಖ ಗುರುತಿಸುವ ಒಂದೇ ಲೈಬ್ರರಿಯಲ್ಲಿ ಇದೆ. ಉಳಿದದ್ದೆಲ್ಲ ಸಾದಾ ಪೈಥಾನ್.

ಕರ್ನಲ್‌ಕಾಕ
ಸಿ5! 32 ಬಿಟ್ ಕಾಲದಲ್ಲಿ ಅದು ಎಲ್‌ಡಿಎಸ್ ಅನ್ನುವ ಇನ್‌ಸ್ಟ್ರಕ್ಷನ್‌ನ ಬೈಟ್. 64 ಬಿಟ್‌ನಲ್ಲಿ ಅದನ್ನು ಕೈಬಿಟ್ಟರು, ಖಾಲಿ ಬಿದ್ದ ಮನೆಗೆ ಎವಿಎಕ್ಸ್ ಬಾಡಿಗೆಗೆ ಬಂತು. ನಿಮ್ಮ ವೆಸ್ಟ್‌ಮಿಯರ್‌ಗೆ ಹೊಸ ಬಾಡಿಗೆದಾರ ಗೊತ್ತಿಲ್ಲ.

ಹಳೇಪೆಟ್ಟಿಗೆ
ಸರಿ, ಒಂದು ಲೈಬ್ರರಿ ಕಂಪೈಲ್ ಮಾಡಿದರೆ ಆಯಿತು. ನನ್ನದರಲ್ಲಿ ಮೆಮೊರಿ ಸಾಲದೆ ನಡುವೆಯೇ ನಿಲ್ಲುತ್ತಿದೆ. ಸ್ನೇಹಿತನ ಹೊಸ ಮಷೀನ್‌ನಲ್ಲಿ ಮಾಡಿಸುತ್ತೇನೆ.

ಹಳೇಪೆಟ್ಟಿಗೆ
ಮತ್ತೆ ಬಂದೆ. ಸ್ನೇಹಿತ ಎವಿಎಕ್ಸ್ ಬೇಡ ಅಂತ ಹೇಳಿಯೇ ಕಂಪೈಲ್ ಮಾಡಿಕೊಟ್ಟ. ನನ್ನದರಲ್ಲಿ ಹಾಕಿದರೆ ಕಿಟಕಿ ತೆರೆಯಿತು, ಮೊದಲ ಫೋಟೋ ಕೊಟ್ಟ ಕೂಡಲೇ ಇಲ್ಲೀಗಲ್ ಇನ್‌ಸ್ಟ್ರಕ್ಷನ್. ಈ ಸಲ "ವಿ"ಯಿಂದ ಶುರುವಾಗಿಲ್ಲ! "ಎಸ್‌ಎಚ್‌ಎಲ್‌ಎಕ್ಸ್" ಅಂತಿದೆ.

ನೂರಾಒಂದು
ಯಾವ ಚಿಪ್‌ಗೆ ಅಂತ ಕಂಪೈಲರ್‌ಗೆ ಹೇಳುವ ಎಮ್‌ಆರ್ಚ್ ಜಾಗದಲ್ಲಿ "ನೇಟಿವ್" ಅಂತ ಕೊಟ್ಟಿದ್ದಾರಾ ಕೇಳಿ.

ಹಳೇಪೆಟ್ಟಿಗೆ
ಹೌದಂತೆ. ನೇಟಿವ್ ಮತ್ತು ಎವಿಎಕ್ಸ್ ಬೇಡ, ಎರಡೂ.

ನೂರಾಒಂದು
ನೇಟಿವ್ ಅಂದರೆ "ಕಂಪೈಲ್ ಆಗುತ್ತಿರುವ ಈ ಮಷೀನ್‌ಗೆ ಹೊಂದುವಂತೆ" ಅಂತ. ಅವರ ಮಷೀನ್, ನಿಮ್ಮದಲ್ಲ. ಎವಿಎಕ್ಸ್ ಮಾತ್ರ ತೆಗೆದಿದ್ದಾರೆ, ಎಸ್‌ಎಚ್‌ಎಲ್‌ಎಕ್ಸ್ ಸೇರಿರುವ ಬಿಎಂಐ2 ಗುಂಪು ಹಾಗೇ ಉಳಿದಿದೆ. ಅದೂ ಹ್ಯಾಸ್‌ವೆಲ್ ಜೊತೆ ಬಂದದ್ದು. ನೇಟಿವ್ ಬದಲು "ವೆಸ್ಟ್‌ಮಿಯರ್" ಅಂತ ಕೊಡಲು ಹೇಳಿ. ಇನ್ನೊಂದು ಮಾತು, ಪ್ರತಿ ಸಲ ನಿಮ್ಮ ಹತ್ತಿರ ತಂದು ಸಾಯಿಸಿ ನೋಡುವುದು ಬೇಡ. ಅವರ ಮಷೀನ್‌ನಲ್ಲೇ ಕ್ಯೂಎಮು ಯೂಸರ್ ಮೋಡ್‌ನಲ್ಲಿ ಸಿಪಿಯು ವೆಸ್ಟ್‌ಮಿಯರ್ ಕೊಟ್ಟು ಓಡಿಸಲಿ. ಅಲ್ಲಿ ಬದುಕಿದರೆ ನಿಮ್ಮಲ್ಲೂ ಬದುಕುತ್ತದೆ.

ವೇಗದೂತ
ಅದಕ್ಕೆ ಕೆವಿಎಂನಲ್ಲೇ ವೆಸ್ಟ್‌ಮಿಯರ್ ಆರಿಸಬಹುದಲ್ಲ? ವೇಗವಾಗಿ ಮುಗಿಯುತ್ತದೆ. ಈ ಸಲ ನಾನು ಸರಿ ತಾನೇ?

ಕರ್ನಲ್‌ಕಾಕ
ಈ ಸಲವೂ ಇಲ್ಲ 🙂 ಕೆವಿಎಂ ಮುಚ್ಚಿಡುವುದು ಸಿಪಿಯುಐಡಿಯ ಉತ್ತರವನ್ನು ಮಾತ್ರ. ಎಸ್‌ಎಚ್‌ಎಲ್‌ಎಕ್ಸ್ ಕೊಟ್ಟರೆ ನಿಜವಾದ ಚಿಪ್ ಅದನ್ನು ಮಾಡಿಯೇ ಬಿಡುತ್ತದೆ. ಹೆಸರಿನ ಫಲಕ ತೆಗೆದರೆ ಮನೆ ಮಾಯವಾಗುವುದಿಲ್ಲವಲ್ಲ. ಎವಿಎಕ್ಸ್‌ನ ಕಥೆ ಬೇರೆ, ಅದನ್ನು ಆಪರೇಟಿಂಗ್ ಸಿಸ್ಟಂ ಮೊದಲು ಆನ್ ಮಾಡಬೇಕು, ಹಾಗಾಗಿ ಅದು ನಿಜವಾಗಿಯೂ ನಿಲ್ಲುತ್ತದೆ. ಬಿಎಂಐ2ಗೆ ಅಂಥ ಬಾಗಿಲಿಲ್ಲ. ಹಳೇ ಚಿಪ್‌ನ ಪರೀಕ್ಷೆ ಬೇಕಾದರೆ ಟಿಸಿಜಿ ಇಲ್ಲವೇ ಎಸ್‌ಡಿಇ, ಎರಡೂ ಮಾದರಿಯಲ್ಲಿ ಇಲ್ಲದ್ದನ್ನು ಹಿಡಿದುಕೊಡುತ್ತವೆ.

ವೇಗದೂತ
ಇನ್ನು ಮೇಲೆ ಸುಮ್ನೆ ಓದುತ್ತೇನೆ.

ಆಮೆನಡಿಗೆ
ನನ್ನದು ಪೂರ್ತಿ ಉಲ್ಟಾ. ಹೋಸ್ಟ್ ವಿಂಡೋಸ್, ಚಿಪ್‌ನಲ್ಲಿ ಎವಿಎಕ್ಸ್2 ಇದೆ. ವರ್ಚುವಲ್‌ಬಾಕ್ಸ್ ಒಳಗಿನ ಲಿನಕ್ಸ್‌ನಲ್ಲಿ ಕಾಣುವುದಿಲ್ಲ. ಯಾಕೆ?

ಬಿಟ್‌ಬುದ್ಧಿ
ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯಾ?

ಆಮೆನಡಿಗೆ
ಇದೆ! ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ. ನನ್ನ ಹೆಸರಿಗೂ ಅದಕ್ಕೂ ಸಂಬಂಧ ಇಲ್ಲ, ಆಣೆ.

ಬಿಟ್‌ಬುದ್ಧಿ
ವಿಂಡೋಸ್‌ನದೇ ವಿಎಂ ವ್ಯವಸ್ಥೆ ಹೈಪರ್-ವಿ ಮೊದಲೇ ಪ್ರೊಸೆಸರ್ ಹಿಡಿದು ಕೂತಿದೆ ಅಂತ ಅರ್ಥ. ವರ್ಚುವಲ್‌ಬಾಕ್ಸ್ ಅದರ ಹಿಂದೆ ನಿಂತು ಕೆಲಸ ಮಾಡಬೇಕು, ನಿಧಾನವಾಗುತ್ತದೆ, ಎವಿಎಕ್ಸ್ ಒಳಗೆ ಸಿಗದೇ ಹೋಗುತ್ತದೆ. ನೀವು ಹೈಪರ್-ವಿ ಹಾಕಿಲ್ಲದಿದ್ದರೂ ಡಬ್ಲ್ಯುಎಸ್‌ಎಲ್2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವುದು) ಇದ್ದರೆ, ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೆ ಅದು ಬಂದಿರುತ್ತದೆ. ಎರಡನೆಯದು ಭದ್ರತೆಗೆ ಇರುವುದು, ಆಫ್ ಮಾಡುವ ಮುಂಚೆ ಯೋಚಿಸಿ.

ಹಳೇಪೆಟ್ಟಿಗೆ
ವೆಸ್ಟ್‌ಮಿಯರ್ ಕೊಟ್ಟು ಕಟ್ಟಿದ ಲೈಬ್ರರಿ ಬಂತು. ಸ್ನೇಹಿತ ಅಲ್ಲೇ ಕ್ಯೂಎಮುವಿನಲ್ಲಿ ಪರೀಕ್ಷೆ ಮಾಡಿ ಕಳಿಸಿದ. ಮೊದಲ ಸಲ ಅಲ್ಲೂ ಸತ್ತಿತಂತೆ, ಇನ್ನೊಂದು ಕಡೆ "ನೇಟಿವ್" ಅಡಗಿ ಕೂತಿತ್ತಂತೆ. ಅದನ್ನು ತೆಗೆದ ಮೇಲೆ ಸರಿಹೋಯಿತು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಈಗ ಎಮ್ಯುಲೇಟರ್ ಇಲ್ಲದೆ ಒಂದು ಫೋಟೋಗೆ ಮೂರು ನಾಲ್ಕು ಸೆಕೆಂಡ್. ಒಂದು ರಾತ್ರಿಯಲ್ಲಿ ಮುಗಿಯಿತು. ಒಂದೇ ತಕರಾರು, ನನ್ನನ್ನೂ ನನ್ನ ತಮ್ಮನನ್ನೂ ಒಬ್ಬನೇ ಅಂತ ಗುಂಪು ಮಾಡಿದೆ.

ಪೋಲಿಪಾಯಿಂಟರ್
ಎವಿಎಕ್ಸ್ ತೆಗೆದಿದ್ದಕ್ಕೆ ಲೆಕ್ಕ ತಪ್ಪಿರಬೇಕು.

ಹಳೇಪೆಟ್ಟಿಗೆ
ಅದಕ್ಕೇ ಎಮ್ಯುಲೇಟರ್‌ನಲ್ಲಿ ಓಡಿಸಿದ ಆ 10 ಫೋಟೋಗಳ ಉತ್ತರ ಇಟ್ಟುಕೊಂಡಿದ್ದೆ. ಹೋಲಿಸಿ ನೋಡಿದೆ. ಎವಿಎಕ್ಸ್ ಇದ್ದಾಗಲೂ ನಾವಿಬ್ಬರೂ ಒಬ್ಬನೇ.